ನಿನ್ನೆವರೆಗೂ ಜೊತೆಗಾರ, ಇವತ್ತು ಸೂಪರ್‌ವೈಸರ್: ಮೊದಲ ಮೂರು ತಿಂಗಳು ಮಾತು ಹೇಗಿರಬೇಕು?

ಹೆಬ್ಬಾಳ, ಹೂಟಗಳ್ಳಿ, ಕಡಕೊಳ, ನಂಜನಗೂಡು, ಗೆಜ್ಜಲಗೆರೆ, ಎಲ್ಲ ಮೈಸೂರು, ಮಂಡ್ಯ ಸೀಮೆಯ ಕಾರ್ಖಾನೆಗಳ ಜಾಗಗಳು. ಯಾವ ಕಡೆಯಿಂದ ಕೇಳಿದರೂ ಪ್ರಶ್ನೆ ಒಂದೇ. ಏಳೆಂಟು ವರ್ಷ ಲೈನಿನಲ್ಲಿ ಕೆಲಸ ಮಾಡಿದ್ದೀನಿ, ಕೆಲಸ ಚೆನ್ನಾಗಿ ಗೊತ್ತು, ಈಗ ಸೂಪರ್‌ವೈಸರ್ ಮಾಡಿದ್ದಾರೆ, ಆದರೆ ಜನರ ಕೈಲಿ ಕೆಲಸ ಮಾಡಿಸೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಜೊತೆಗೆ ಟೀ ಕುಡಿಯುತ್ತಿದ್ದವನೇ ಈಗ ಮುಖ ತಿರುಗಿಸುತ್ತಾನೆ. ಜೋರು ಮಾಡಿದರೆ ‘ಅಧಿಕಾರ ಬಂತು ನೋಡು’ ಅಂತಾರೆ. ಮೆತ್ತಗಿದ್ದರೆ ಕೆಲಸ ಆಗುವುದಿಲ್ಲ. ಏನು ಮಾಡಲಿ?

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಕ್ಲಾಸಿಗೆ ಸೇರಲಾ? ಸ್ಟೇಜ್ ಮೇಲೆ ಮಾತಾಡೋದು ಕಲಿತರೆ ಸರಿಹೋಗುತ್ತಾ?

ಎರಡೂ ಒಳ್ಳೆಯದೇ, ಆದರೆ ಆಮೇಲಿನ ಮಾತು. ಒಬ್ಬ ಲೀಡರ್ ಹೇಗಿದ್ದಾರೆ ಅಂತ ತಿಳಿಯಬೇಕಾದರೆ ನಾನು ಗಮನಿಸುವುದು ಒಂದನ್ನೇ. ಕೆಟ್ಟ ಸುದ್ದಿ ಅವರ ಹತ್ತಿರ ಎಷ್ಟು ಬೇಗ ಬರುತ್ತದೆ? ಮೆಷಿನ್ ಸದ್ದು ಬದಲಾಗಿದೆ, ಮಾಲು ಕಡಿಮೆ ಬಂದಿದೆ, ನಾಳೆ ಇಬ್ಬರು ಬರುವುದಿಲ್ಲ, ನನ್ನ ಕೈಯಿಂದಲೇ ಒಂದು ತಪ್ಪಾಗಿದೆ. ಇಂಥ ಸುದ್ದಿ ಹತ್ತು ನಿಮಿಷದಲ್ಲಿ ಬಂದರೆ ಸರಿಮಾಡುವುದು ಸುಲಭ. ಎರಡು ದಿನ ಬಿಟ್ಟು ಬಂದರೆ ನಷ್ಟ. ಬರದೇ ಹೋದರೆ ಯಾರದಾದರೂ ಕೈಗೋ ಜೀವಕ್ಕೋ ಕುತ್ತು. ಕೆಳಗೆ ಹೇಳಿರುವ ಎಲ್ಲ ಹಂತಗಳೂ ಆ ಸುದ್ದಿ ಬೇಗ ಬರುವಂತೆ ಮಾಡುವುದಕ್ಕೇ ಇವೆ.

ಉದಾಹರಣೆಗಳು ಕಾರ್ಖಾನೆಯವೇ ಜಾಸ್ತಿ, ನನಗೆ ಗೊತ್ತಿರುವುದು ಅದೇ. ನೀವು ಆಸ್ಪತ್ರೆಯ ವಾರ್ಡ್ ಇನ್‌ಚಾರ್ಜ್ ಆಗಿರಬಹುದು, ಸಾಫ್ಟ್‌ವೇರ್ ಟೀಮ್ ಲೀಡ್ ಆಗಿರಬಹುದು. ಮೆಷಿನ್ ಇದ್ದ ಕಡೆ ನಿಮ್ಮ ಕೆಲಸ ಇಟ್ಟುಕೊಂಡು ಓದಿ.

ಮೊದಲು ಇವಿಷ್ಟು ಜೋಡಿಸಿಕೊಳ್ಳಿ

ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್ ಬೇಕು. ಮನೆಯಲ್ಲಿ ಅಭ್ಯಾಸ ಮಾಡಲು ಫೋನಿನ ವಾಯ್ಸ್ ರೆಕಾರ್ಡರ್ ಬೇಕು. ದಿನಕ್ಕೆ ಹದಿನೈದು ನಿಮಿಷ ಬೇಕು. ಇನ್ನೊಂದು ಮುಖ್ಯ: ನಿಮ್ಮನ್ನು ಸುಮ್ನೆ ಹೊಗಳದ ಒಬ್ಬ ಮನುಷ್ಯ ಬೇಕು. ಅವರು ನಿಮ್ಮ ಟೀಮಿನವರಾಗಿರಬಾರದು, ಆದರೆ ನಿಮ್ಮ ಕೆಲಸ ಕಣ್ಣಿಗೆ ಬೀಳುವಷ್ಟು ಹತ್ತಿರ ಇರಬೇಕು. ಸ್ಟೋರ್ಸ್‌ನವರು, ಮೇಂಟೆನೆನ್ಸ್‌ನ ಹಿರಿಯರು, ಪಕ್ಕದ ಲೈನಿನ ಅಕ್ಕ, ಯಾರಾದರೂ ಸರಿ. ‘ಮೂರು ತಿಂಗಳು ನನ್ನನ್ನು ನೋಡ್ತಾ ಇರಿ, ಆಮೇಲೆ ನಾನೇ ಬಂದು ಕೇಳ್ತೀನಿ’ ಅಂತ ಈಗಲೇ ಹೇಳಿಡಿ.

ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಬೇರೆ ಇಡಿ. ಅಲ್ಲಿ ನಿಮ್ಮ ಟೀಮಿನ ಎಲ್ಲರ ಹೆಸರು ಬರೆಯಿರಿ. ಯಾರಾದರೂ ತಾವಾಗಿ ಬಂದು ಒಂದು ತೊಂದರೆ ಹೇಳಿದರೆ ಅವರ ಹೆಸರಿನ ಮುಂದೆ ತಾರೀಖು ಹಾಕಿ. ತೊಂದರೆ ಆದ ಎಷ್ಟು ಹೊತ್ತಿಗೆ ಹೇಳಿದರು ಅನ್ನುವುದನ್ನೂ ಬರೆಯಿರಿ. ಈ ಪುಟ ಯಾರಿಗೂ ತೋರಿಸುವುದಕ್ಕಲ್ಲ.

1. ನಿಮ್ಮ ಕೈಯಲ್ಲಿ ಏನಿದೆ ಅಂತ ಕೇಳಿ ತಿಳಿಯಿರಿ

ಮೊದಲ ಎರಡು ದಿನದಲ್ಲೇ ನಿಮ್ಮ ಮೇಲಿನವರ ಹತ್ತಿರ ಅರ್ಧ ಗಂಟೆ ಕೇಳಿಕೊಂಡು ಕೂತು ಮಾತಾಡಿ. ಒಂದು ದಿನದ ರಜೆ ನಾನೇ ಕೊಡಬಹುದಾ? ಓಟಿ ಯಾರಿಗೆ ಹಾಕಬೇಕು ಅಂತ ತೀರ್ಮಾನಿಸುವವರು ಯಾರು? ಅಪಾಯ ಕಂಡರೆ ಕೇಳದೇ ಮೆಷಿನ್ ನಿಲ್ಲಿಸಬಹುದಾ? ಯಾವ ವಿಷಯ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ ಹೇಳಬೇಕು? ಉತ್ತರಗಳನ್ನು ಅವರ ಎದುರಿಗೇ ಬರೆದುಕೊಳ್ಳಿ, ಓದಿ ಹೇಳಿ.

ಇದನ್ನು ಬಿಟ್ಟರೆ ಏನಾಗುತ್ತದೆ ಅಂದರೆ, ನೀವು ಕೊಟ್ಟ ರಜೆಯನ್ನು ಮೇಲಿನವರು ರದ್ದು ಮಾಡುತ್ತಾರೆ. ಆಮೇಲೆ ನಿಮ್ಮ ಮಾತಿಗೆ ಬೆಲೆ ಬರುವುದಕ್ಕೆ ಬಹಳ ದಿನ ಬೇಕು.

2. ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ

ಮೊದಲ ಎರಡು ವಾರದಲ್ಲಿ ಟೀಮಿನ ಪ್ರತಿಯೊಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡಿ. ಕ್ಯಾಬಿನ್ ಬೇಡ. ನಾಲ್ಕು ಜನಕ್ಕೆ ಕಾಣುವ, ಆದರೆ ಮಾತು ಕೇಳಿಸದ ಜಾಗ ಆರಿಸಿಕೊಳ್ಳಿ. ಕ್ಯಾಂಟೀನಿನ ಮೂಲೆ ಸಾಕು. ಮುಚ್ಚಿದ ಬಾಗಿಲು ಒಳಗಿರುವವರಿಗೂ ಕಷ್ಟ, ಹೊರಗಿರುವವರಿಗೂ ಅನುಮಾನ.

ಮೂರೇ ಪ್ರಶ್ನೆ ಕೇಳಿ. ಈ ಕೆಲಸದಲ್ಲಿ ನಿಮಗೆ ದಿನಾ ತೊಂದರೆ ಕೊಡುವುದು ಯಾವುದು? ಹಿಂದಿನ ಸೂಪರ್‌ವೈಸರ್ ಮಾಡುತ್ತಿದ್ದ ಯಾವುದನ್ನು ನಾನು ಮುಂದುವರಿಸಬೇಕು? ಈ ವರ್ಷ ನಿಮಗೆ ಯಾವ ಯಾವ ದಿನ ರಜೆ ಬೇಕೇಬೇಕು?

ಮೂರನೆಯ ಪ್ರಶ್ನೆ ನಮ್ಮ ಕಡೆ ತುಂಬ ಮುಖ್ಯ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಂಡ್ಯ, ಮೈಸೂರು ಸೀಮೆಯಲ್ಲಿ ಆವತ್ತು ಲೈನ್ ತುಂಬಿಸುವುದು ಎಷ್ಟು ಕಷ್ಟ ಅಂತ ಹಳಬರನ್ನು ಕೇಳಿ. ಪಿತೃಪಕ್ಷವೂ ಹಾಗೆಯೇ. ಊರಹಬ್ಬ ಒಂದೊಂದು ಊರಿಗೆ ಒಂದೊಂದು ದಿನ. ಭತ್ತದ ನಾಟಿ, ಕಟಾವು ಬಂದರೆ ಮನೆಯಲ್ಲಿ ಆಳು ಬೇಕು. ಇವು ಯಾವುವೂ ದಿಢೀರ್ ಅಂತ ಬರುವುದಿಲ್ಲ, ಆದರೂ ಆ ದಿನ ಬೆಳಿಗ್ಗೆ ‘ಹುಷಾರಿಲ್ಲ’ ಅಂತ ಫೋನ್ ಬರುತ್ತದೆ. ನಿಜ ಹೇಳಿದರೆ ರಜೆ ಸಿಗುವುದಿಲ್ಲ ಅನ್ನುವ ಭಯವೇ ಇದಕ್ಕೆ ಕಾರಣ. ಮೊದಲೇ ಕೇಳಿ ಬರೆದಿಟ್ಟುಕೊಂಡರೆ ಅರ್ಧದಷ್ಟು ಜನರನ್ನು ಈ ಹಬ್ಬಕ್ಕೆ, ಉಳಿದವರನ್ನು ಮುಂದಿನ ಹಬ್ಬಕ್ಕೆ ಕಳಿಸುವ ಲೆಕ್ಕ ಹಾಕಬಹುದು. ಸುಳ್ಳು ಹೇಳುವ ಅಗತ್ಯ ಇಲ್ಲದಿದ್ದರೆ ಜನ ಯಾಕೆ ಸುಳ್ಳು ಹೇಳುತ್ತಾರೆ?

ನಿಮ್ಮ ಜಾಗಕ್ಕೆ ಆಸೆಪಟ್ಟು ಸಿಗದೇ ಹೋದವರು ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರವೇ ಮೊದಲು ಹೋಗಿ. ಸಮಾಧಾನದ ಮಾತು ಬೇಡ. ‘ನಿಮಗೂ ಬರಬೇಕಿತ್ತು ಅಂತ ನನಗೆ ಗೊತ್ತು. ಸೆಟ್ಟಿಂಗ್ ವಿಷಯದಲ್ಲಿ ನನಗಿಂತ ನಿಮಗೆ ಜಾಸ್ತಿ ಗೊತ್ತು. ಹೊಸಬರಿಗೆ ಅದನ್ನು ನೀವೇ ಕಲಿಸಿಕೊಡಬೇಕು’ ಅಂತ ನೇರವಾಗಿ ಕೇಳಿ. ಕೆಲವರು ಆವತ್ತೇ ಒಪ್ಪುತ್ತಾರೆ, ಕೆಲವರಿಗೆ ತಿಂಗಳು ಬೇಕು.

ಇನ್ನು ಕರೆಯುವ ಬಗೆ. ಇದನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ, ಆದರೆ ಹೊಸ ಸೂಪರ್‌ವೈಸರ್‌ಗಳು ಜಾಸ್ತಿ ಎಡವುವುದು ಇಲ್ಲೇ. ಮಂಡ್ಯದ ಕಡೆಯವರಿಗೆ ‘ಏನ್ಲಾ’, ‘ಬಾರ್ಲಾ’ ಅನ್ನುವುದು ಸಲುಗೆಯ ಮಾತು. ಜೊತೆಗಾರನಾಗಿದ್ದಾಗ ಅದು ಪ್ರೀತಿ. ಅದೇ ಮಾತು ಹಾಜರಿ ಹಾಕುವವನ ಬಾಯಲ್ಲಿ ಬಂದರೆ ಕೇಳುವವನ ಕಿವಿಗೆ ಬೇರೆ ಥರ ಬೀಳುತ್ತದೆ. ಇನ್ನೂ ದೊಡ್ಡ ತೊಂದರೆ ಅಂದರೆ, ಒಬ್ಬನಿಗೆ ‘ಏನ್ಲಾ’, ಇನ್ನೊಬ್ಬನಿಗೆ ‘ಬನ್ನಿ ಸರ್’ ಅಂದರೆ ಜನ ಊರು, ಜಾತಿ, ನೆಂಟಸ್ತನ ಎಲ್ಲ ಲೆಕ್ಕ ಹಾಕಲು ಶುರು ಮಾಡುತ್ತಾರೆ. ನನ್ನ ಸಲಹೆ ಇಷ್ಟು: ಗೇಟಿನ ಒಳಗೆ ಎಲ್ಲರಿಗೂ ‘ನೀವು’. ವಯಸ್ಸಿನಲ್ಲಿ ದೊಡ್ಡವರಿಗೆ ಅಣ್ಣ, ಅಕ್ಕ. ಚಿಕ್ಕವರನ್ನು ಪೂರ್ತಿ ಹೆಸರು ಹಿಡಿದು ಕರೆಯಿರಿ. ಹಳೆಯ ಗೆಳೆಯನಿಗೆ ಮೊದಲೇ ಹೇಳಿಬಿಡಿ, ‘ಒಳಗೆ ಹಿಂಗೆ ಕರೀತೀನಿ ಕಣೋ, ತಪ್ಪು ತಿಳ್ಕೋಬೇಡ’ ಅಂತ. ನಿಮ್ಮನ್ನು ‘ಸರ್’ ಅಂತಲೇ ಕರೆಯಬೇಕು ಅಂತ ಮಾತ್ರ ಯಾರಿಗೂ ಹೇಳಲು ಹೋಗಬೇಡಿ.

ಎಚ್ಚರಿಕೆ: ಈ ಮಾತುಕತೆಯಲ್ಲಿ ಯಾವ ಭರವಸೆಯನ್ನೂ ಕೊಡಬೇಡಿ. ಸಂಬಳ, ಪರ್ಮನೆಂಟ್, ಶಿಫ್ಟ್ ಬದಲಾವಣೆ ಯಾವುದು ಕೇಳಿದರೂ ‘ಬರೆದುಕೊಂಡಿದ್ದೀನಿ, ವಿಚಾರಿಸಿ ಇಂಥ ದಿನ ಹೇಳ್ತೀನಿ’ ಅನ್ನಿ. ಆ ದಿನ ಉತ್ತರ ‘ಆಗಲಿಲ್ಲ’ ಅಂತಿದ್ದರೂ ಹೋಗಿ ಹೇಳಿ.

3. ಕೆಲಸ ಹೇಳುವುದನ್ನು ಹೊಸದಾಗಿ ಕಲಿಯಿರಿ

‘ಎಷ್ಟು ಸಲ ಹೇಳಿದರೂ ಮಾಡಲ್ಲ’ ಅನ್ನುವ ದೂರು ಬಂದಾಗೆಲ್ಲ ನಾನು ಕೇಳುವುದು ‘ಏನಂತ ಹೇಳಿದಿರಿ?’ ಅಂತ. ಹೆಚ್ಚಿನವರ ಉತ್ತರ ‘ಸ್ವಲ್ಪ ಬೇಗ ಮುಗಿಸಿ ಅಂದೆ’, ‘ಚೆನ್ನಾಗಿ ನೋಡಿ ಹಾಕಿ ಅಂದೆ’. ಬೇಗ ಅಂದರೆ ಎಷ್ಟು ಹೊತ್ತು? ಚೆನ್ನಾಗಿ ಅಂದರೆ ಹೇಗೆ? ನಿಮ್ಮ ತಲೆಯಲ್ಲಿ ಇರುವುದು ಅವರಿಗೆ ಕಾಣುವುದಿಲ್ಲ.

ಒಂದು ಕೆಲಸ ಹೇಳುವಾಗ ಐದು ಸಂಗತಿ ಇರಲಿ: ಏನು, ಎಷ್ಟು, ಯಾವ ಹೊತ್ತಿಗೆ, ಯಾಕೆ, ಮಧ್ಯೆ ಏನಾದರೂ ತೊಡಕಾದರೆ ಯಾರಿಗೆ ಹೇಳಬೇಕು. ‘ಅಕ್ಕ, ಈ ಬಂಡಲಿನ 40 ಕಾಲರ್ ಮಧ್ಯಾಹ್ನ 1 ಗಂಟೆ ಒಳಗೆ ಆಗಬೇಕು. 2 ಗಂಟೆಗೆ ಚೆಕಿಂಗ್ ಇದೆ. ದಾರ ಸಾಲದೇ ಹೋದರೆ ತಕ್ಷಣ ನನ್ನನ್ನು ಕರೀರಿ, ನಾನು ಮೂರನೇ ಲೈನಿನಲ್ಲಿರ್ತೀನಿ.’ ಹೇಳಲು ಅರ್ಧ ನಿಮಿಷವೂ ಬೇಡ. ಐದರಲ್ಲಿ ಜನ ಬಿಟ್ಟುಬಿಡುವುದು ‘ಯಾಕೆ’ ಅನ್ನುವುದನ್ನು. ಅದು ಗೊತ್ತಿದ್ದರೆ ನೀವು ಇಲ್ಲದಾಗಲೂ ಅವರೇ ಸರಿಯಾದ ತೀರ್ಮಾನ ತೆಗೆದುಕೊಳ್ಳುತ್ತಾರೆ.

ಈಗ ಬರುವುದು ನಮ್ಮ ಸೀಮೆಯ ದೊಡ್ಡ ಬಲೆ. ಅದು ‘ಆಯ್ತು ಬುಡಿ ಸಾ’ ಅನ್ನುವ ಉತ್ತರ. ಇದನ್ನು ಕೇಳಿ ನೀವು ನಿಶ್ಚಿಂತೆಯಿಂದ ಹೋಗುತ್ತೀರಿ. ಆದರೆ ‘ಆಯ್ತು’ ಅಂದರೆ ‘ನಿಮ್ಮ ಮಾತು ಕಿವಿಗೆ ಬಿತ್ತು’ ಅಂತ ಅಷ್ಟೇ. ಅರ್ಥ ಆಯ್ತು ಅಂತಲೂ ಅಲ್ಲ, ಮಾಡ್ತೀನಿ ಅಂತಲೂ ಅಲ್ಲ. ‘ಮಾಡಾನ ಬುಡಿ’ ಅಂದರೆ ಇನ್ನೂ ಹುಷಾರಾಗಿರಿ, ಅದರಲ್ಲಿ ಯಾವಾಗ ಅನ್ನುವುದೇ ಇಲ್ಲ. ಇದು ಯಾರನ್ನೂ ಮೋಸ ಮಾಡುವ ಮಾತಲ್ಲ. ದೊಡ್ಡವರ ಎದುರು ‘ಗೊತ್ತಾಗಲಿಲ್ಲ’ ಅನ್ನುವುದಕ್ಕೆ ಸಂಕೋಚ, ಅಷ್ಟೇ.

ಇದಕ್ಕೆ ಮದ್ದು ವಿಮಾನದವರ ಹತ್ತಿರ ಇದೆ. ಅದನ್ನು ರೀಡ್‌ಬ್ಯಾಕ್ ಅನ್ನುತ್ತಾರೆ, ಅಂದರೆ ಕೇಳಿಸಿಕೊಂಡದ್ದನ್ನು ತಿರುಗಿ ಹೇಳುವುದು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾದವು. 583 ಜನ ಸತ್ತರು. ದಟ್ಟ ಮಂಜು ಇತ್ತು. ಒಂದು ವಿಮಾನದವರು ‘ಈಗ ಟೇಕಾಫ್‌ನಲ್ಲಿದ್ದೇವೆ’ ಅನ್ನುವ ಅರ್ಥ ಬರುವ ಮಾತಾಡಿದರು. ಕಂಟ್ರೋಲ್ ಟವರಿನವರು ಅದನ್ನು ‘ಹೊರಡಲು ಸಿದ್ಧ’ ಅಂತ ತಿಳಿದು ‘ಓಕೆ’ ಅಂದರು. ಆ ‘ಓಕೆ’ ನಮ್ಮ ‘ಆಯ್ತು ಬುಡಿ’ ಇದ್ದಂತೆ. ಆ ದುರಂತದ ಮೇಲೆ ವಿಮಾನಯಾನದಲ್ಲಿ ಮಾತಾಡುವ ಪದಗಳನ್ನೇ ಬಿಗಿ ಮಾಡಿದರು. ಮುಖ್ಯ ಸೂಚನೆಗೆ ಬರೀ ‘ಓಕೆ’ ಸಾಲದು, ಸೂಚನೆಯನ್ನೇ ತಿರುಗಿ ಹೇಳಬೇಕು.

ನೀವೂ ಹೀಗೇ ಮಾಡಿಸಬಹುದು, ಆದರೆ ‘ಏನು ಹೇಳಿದೆ, ಹೇಳು ನೋಡೋಣ’ ಅಂದರೆ ಸ್ಕೂಲ್ ಮೇಷ್ಟ್ರ ಹಾಗೆ ಆಗುತ್ತದೆ. ಭಾರವನ್ನು ನಿಮ್ಮ ಮೇಲೆ ಹಾಕಿಕೊಳ್ಳಿ. ‘ನಾನು ಅವಸರದಲ್ಲಿ ಹೇಳಿದೆ, ಏನಾದರೂ ಬಿಟ್ಟಿದ್ದೀನಾ? ನೀವು ಎಲ್ಲಿಂದ ಶುರು ಮಾಡ್ತೀರಿ ಹೇಳಿ’ ಅಂತ ಕೇಳಿ. ಅವರು ಹೇಳುವಾಗ ಎಲ್ಲಿ ತಪ್ಪಿದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಎರಡು ವಾರ ಮಾಡಿದರೆ ನೀವು ಕೇಳದಿದ್ದರೂ ತಾವೇ ತಿರುಗಿ ಹೇಳುವುದು ಅಭ್ಯಾಸ ಆಗುತ್ತದೆ.

ಹೊಸಬರಿಗೆ ಕೆಲಸ ಕಲಿಸುವುದಾದರೆ ನಾಲ್ಕು ಹೆಜ್ಜೆಯ ಒಂದು ಹಳೆಯ ಕ್ರಮ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಜನ ಬಂದು ತುಂಬಿದಾಗ ಅವರಿಗೆ ಬೇಗ ಕೆಲಸ ಕಲಿಸಲು ಇದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಂಪನಿ ಅದನ್ನು ಬಿಡದೇ ಇಟ್ಟುಕೊಂಡಿತು. ಮೊದಲು ಅವರ ಭಯ ಬಿಡಿಸಿ, ಈಗಾಗಲೇ ಏನು ಗೊತ್ತು ಅಂತ ಕೇಳಿ. ಎರಡು, ಮಾಡಿ ತೋರಿಸಿ. ಒಂದೊಂದು ಹೆಜ್ಜೆಯಲ್ಲೂ ಕೈ ಎಲ್ಲಿರಬೇಕು, ಯಾಕೆ ಅಂತ ಹೇಳಿ. ಮೂರು, ಅವರ ಕೈಲಿ ಮಾಡಿಸಿ, ಮಾಡುತ್ತಾ ಅವರೇ ವಿವರಿಸಲಿ. ನಾಲ್ಕು, ಅವರ ಪಾಡಿಗೆ ಬಿಡಿ, ಆದರೆ ಆಗಾಗ ಬಂದು ನೋಡಿ. ನಾವು ಸಾಮಾನ್ಯವಾಗಿ ಎರಡನೆಯದನ್ನು ಮಾಡಿ ನೇರ ನಾಲ್ಕಕ್ಕೆ ಹಾರುತ್ತೇವೆ. ಕಲಿಕೆ ಆಗುವುದು ಮೂರನೆಯದರಲ್ಲಿ.

ಒಡಿಶಾ, ಬಿಹಾರದ ಕಡೆಯಿಂದ ಬಂದ ಹುಡುಗರು ಟೀಮಿನಲ್ಲಿದ್ದರೆ ಇದು ಎರಡರಷ್ಟು ಮುಖ್ಯ. ಸರಿಯಾದ ಪೀಸ್ ಒಂದು, ತಪ್ಪು ಪೀಸ್ ಒಂದು ಪಕ್ಕಪಕ್ಕ ತೂಗುಹಾಕಿ. ಅವರ ಭಾಷೆಯ ಹತ್ತು ಮಾತು ಕಲಿಯಿರಿ. ನಿಲ್ಲಿಸು, ಅಪಾಯ, ನೋವಾಯ್ತಾ, ಊಟ ಆಯ್ತಾ. ಕನ್ನಡದ ಹತ್ತು ಮಾತು ಅವರಿಗೂ ಕಲಿಸಿ.

4. ಶಿಫ್ಟ್ ಶುರುವಿನ ಐದು ನಿಮಿಷ

ಇದಕ್ಕೆ ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ. ಕೆಲಸ ಶುರುವಾಗುವ ಮುಂಚೆ ನಿಂತುಕೊಂಡೇ ಆಡುವ ಚಿಕ್ಕ ಮಾತು. ಬೆಳಿಗ್ಗೆ ಆರರ ಶಿಫ್ಟಿಗೆ ಬಂದವರು ನಾಲ್ಕಕ್ಕೇ ಎದ್ದಿರುತ್ತಾರೆ, ಅದು ನೆನಪಿರಲಿ. ನಿನ್ನೆ ಏನಾಯ್ತು, ಇವತ್ತು ಏನಾಗಬೇಕು, ಹುಷಾರಾಗಿರಬೇಕಾದ ಒಂದು ವಿಷಯ. ಮೂರಕ್ಕೂ ಸೇರಿ ಮೂರು ನಿಮಿಷ. ಉಳಿದ ಎರಡು ನಿಮಿಷ ಅವರದು. ‘ಏನಾದರೂ ಇದೆಯಾ?’ ಅಂತ ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ‘ನಿನ್ನೆ ನಿಮ್ಮ ಕೆಲಸಕ್ಕೆ ಅಡ್ಡ ಬಂದಿದ್ದು ಯಾವುದು?’ ಅಂತ ದಿನಕ್ಕೆ ಇಬ್ಬರನ್ನು ಹೆಸರು ಹಿಡಿದು ಕೇಳಿ.

ಒಬ್ಬರ ತಪ್ಪನ್ನು ಇಲ್ಲಿ ಎತ್ತಲೇಬೇಡಿ. ಹೆಸರು ಹೇಳದೇ ‘ಕೆಲವರು’ ಅಂದರೂ ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತದೆ.

ಮಾತಾಡಲು ಭಯ ಇದ್ದರೆ ಹಿಂದಿನ ರಾತ್ರಿ ಮೂರು ಸಾಲು ಬರೆದುಕೊಂಡು ಮನೆಯಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಏನಪ್ಪಾ ಅಂದ್ರೆ’, ‘ಅದು ಬಂದು’ ಎಷ್ಟು ಸಲ ಬಂತು ಅಂತ ಎಣಿಸಿ. ಒಂದು ವಾರದಲ್ಲೇ ಕಡಿಮೆಯಾಗುತ್ತದೆ. ಇನ್ನೂ ಅಭ್ಯಾಸ ಬೇಕು ಅನಿಸಿದರೆ ಮೈಸೂರಿನಲ್ಲಿ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿವೆ. 1924ರಲ್ಲಿ ಅಮೆರಿಕದಲ್ಲಿ ಶುರುವಾದ ಪದ್ಧತಿ ಇದು. ಸಿದ್ಧಮಾಡಿಕೊಂಡು ಬಂದು ಐದಾರು ನಿಮಿಷ ಮಾತಾಡುವುದು, ಅಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡುವುದು, ಆಮೇಲೆ ಒಬ್ಬರು ಎದ್ದು ಚೆನ್ನಾಗಿದ್ದದ್ದು, ತಿದ್ದಿಕೊಳ್ಳಬೇಕಾದದ್ದು ಹೇಳುವುದು. ಅಲ್ಲಿ ನಾನು ಬಹಳ ಬೆಲೆ ಕೊಡುವುದು ಆ ಕೊನೆಯ ಭಾಗಕ್ಕೆ. ಇನ್ನೊಬ್ಬರಿಗೆ ನೋವಾಗದ ಹಾಗೆ ತಿದ್ದುವುದನ್ನು ಅಲ್ಲಿ ಕೂತು ನೋಡಿ ಕಲಿಯಬಹುದು.

ಗಂಟಲ ಬಗ್ಗೆ ಒಂದು ಮಾತು. ಮೆಷಿನ್ ಸದ್ದಿನ ನಡುವೆ ದಿನಾ ಕಿರುಚಿದರೆ ಧ್ವನಿ ಕೆಡುತ್ತದೆ. ಕಿರುಚುವ ಬದಲು ಹತ್ತಿರ ಹೋಗಿ ಹೇಳಿ. ಕೈಸನ್ನೆಗಳನ್ನು ಗೊತ್ತುಮಾಡಿಕೊಳ್ಳಿ. ನೀರು ಕುಡಿಯುತ್ತಿರಿ. ಧ್ವನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಸುಮ್ಮನೆ ಇರಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಾವೆಲ್ಲ ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುವುದು ಅದನ್ನೇ. 1965ರಿಂದ ನಮ್ಮೂರಲ್ಲೇ ಇದೆ. ಅಲ್ಲಿಗೆ ಮಾತು ಬಾರದ ಮಕ್ಕಳು ಮಾತ್ರ ಹೋಗುವುದು ಅಂತ ಹಲವರು ತಿಳಿದಿದ್ದಾರೆ. ದೊಡ್ಡವರ ಧ್ವನಿ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

5. ಕೆಟ್ಟ ಸುದ್ದಿ ಬಂದಾಗ ಮೊದಲ ಹತ್ತು ಸೆಕೆಂಡು

ಈ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ನಾನು ಹೊಸದಾಗಿ ಶಿಫ್ಟ್ ನೋಡಿಕೊಳ್ಳಲು ಶುರು ಮಾಡಿದಾಗ ಒಬ್ಬ ಹುಡುಗ ಬಂದು ‘ಡ್ರಿಲ್ ಬಿಟ್ ಮುರೀತು’ ಅಂದ. ಎಲ್ಲರ ಎದುರು ಬೈದೆ. ಆಮೇಲೆ ಆರು ವಾರ ಒಂದೂ ಬಿಟ್ ಮುರಿದ ಸುದ್ದಿ ಬರಲಿಲ್ಲ. ಜನ ಹುಷಾರಾದರು ಅಂದುಕೊಂಡೆ. ಒಂದು ದಿನ ಸ್ಕ್ರ್ಯಾಪ್ ಡಬ್ಬ ಖಾಲಿ ಮಾಡಿಸಿದರೆ ತಳದಲ್ಲಿ ಮುರಿದ ಬಿಟ್‌ಗಳು ಬಟ್ಟೆಯಲ್ಲಿ ಸುತ್ತಿಕೊಂಡಿದ್ದವು. ಬಿಟ್‌ಗಳು ಮುರಿಯುತ್ತಲೇ ಇದ್ದವು, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದರು.

1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಟೀಮಿನಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ತಿರುವುಮುರುವಾಗಿ ಬಂತು, ಒಳ್ಳೆಯ ಟೀಮುಗಳಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ ಇತ್ತು. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಅಲ್ಲಿನವರು ತಪ್ಪನ್ನು ಹೆದರದೇ ಹೇಳಿಕೊಳ್ಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಇಂಥ ಹೆದರಿಕೆ ಇಲ್ಲದ ವಾತಾವರಣಕ್ಕೆ ಸೈಕಲಾಜಿಕಲ್ ಸೇಫ್ಟಿ ಅನ್ನುವ ಹೆಸರು ಟ್ರೈನಿಂಗ್‌ಗಳಲ್ಲಿ ಕೇಳಿಸುತ್ತದೆ. ಬಾಯಿಬಿಟ್ಟರೆ ಅವಮಾನ ಆಗುವುದಿಲ್ಲ ಅನ್ನುವ ನಂಬಿಕೆ, ಅಷ್ಟೇ.

ಟೆನೆರಿಫ್‌ನಲ್ಲೂ ಇದೇ ಆಯಿತು. ಹೊರಟ ವಿಮಾನದ ಒಳಗೇ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇನೋ ಅಂತ ಅನುಮಾನ ಹೇಳಿದ್ದರು. ಕ್ಯಾಪ್ಟನ್ ಹೋಗಿದೆ ಅಂತ ಖಚಿತವಾಗಿ ಹೇಳಿ ಮುಂದುವರಿಸಿದರು. ಆ ಎಂಜಿನಿಯರ್ ಇನ್ನೊಮ್ಮೆ ಕೇಳಲಿಲ್ಲ.

ಹಾಗಾಗಿ ಸುದ್ದಿ ಬಂದ ತಕ್ಷಣ ಹೇಳಬೇಕಾದ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಸಿಟ್ಟು ಬಂದಾಗ ಹೊಸ ಮಾತು ಹೊಳೆಯುವುದಿಲ್ಲ. ಮೊದಲನೆಯದು, ‘ಹೇಳಿದ್ದು ಒಳ್ಳೇದಾಯ್ತು.’ ಎರಡನೆಯದು, ‘ಯಾರಿಗಾದರೂ ಏಟಾಯ್ತಾ?’ ಮೂರನೆಯದು, ‘ಈಗ ಏನು ಮಾಡಿದರೆ ಇದು ಇಲ್ಲಿಗೇ ನಿಲ್ಲುತ್ತೆ?’ ‘ಯಾರು ಮಾಡಿದ್ದು?’ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳಿ. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ಗಾರ್ಮೆಂಟ್ಸ್‌ನಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು. ಸೂಜಿ ಮುರಿದರೆ ಎಲ್ಲ ಚೂರೂ ಹುಡುಕಿ, ರಿಜಿಸ್ಟರಿನಲ್ಲಿ ಅಂಟಿಸಿ, ಆಮೇಲೆ ಹೊಸ ಸೂಜಿ ಕೊಡುವ ಪದ್ಧತಿ ಇದೆ. ಪದ್ಧತಿ ಎಷ್ಟೇ ಚೆನ್ನಾಗಿದ್ದರೂ, ಸೂಜಿ ಮುರಿದ ಹೆಣ್ಣುಮಗಳು ಬೈಗುಳಕ್ಕೆ ಹೆದರಿ ಸುಮ್ಮನಾದರೆ ಆ ಚೂರು ಯಾವುದೋ ಮಗುವಿನ ಅಂಗಿಯಲ್ಲಿ ಹೋಗುತ್ತದೆ. ರಿಜಿಸ್ಟರ್ ಇದ್ದೂ ಉಪಯೋಗ ಇಲ್ಲ.

ಆವತ್ತಿನ ತೊಂದರೆ ನಿಂತ ಮೇಲೆ ಕಾರಣ ಹುಡುಕಿ. ‘ಐದು ಯಾಕೆ’ ಅನ್ನುವ ಕ್ರಮ ಟೊಯೊಟಾದಿಂದ ಎಲ್ಲ ಕಡೆ ಹಬ್ಬಿದೆ. ಬಟ್ಟೆಗೆ ಎಣ್ಣೆ ಕಲೆ ಯಾಕೆ? ಮೆಷಿನ್ ಸೋರುತ್ತಿದೆ. ಯಾಕೆ? ಸೀಲ್ ಹೋಗಿದೆ. ಯಾಕೆ ಬದಲಿಸಲಿಲ್ಲ? ಸ್ಟೋರಿನಲ್ಲಿ ಇಲ್ಲ. ಯಾಕೆ ಇಲ್ಲ? ಇಂಡೆಂಟ್, ಅಂದರೆ ಸಾಮಾನು ಬೇಕು ಅನ್ನುವ ಚೀಟಿ, ಹಾಕುವವರು ಯಾರು ಅಂತ ಗೊತ್ತುಮಾಡಿಲ್ಲ. ನಾಲ್ಕರಲ್ಲೇ ಸಿಕ್ಕಿತು. ಐದೇ ಆಗಬೇಕು ಅಂತಿಲ್ಲ, ‘ಅವಳ ಅಜಾಗರೂಕತೆ’ ಅಂತ ಮೊದಲನೆಯದಕ್ಕೇ ನಿಲ್ಲಿಸಬಾರದು ಅಷ್ಟೇ.

ಎಚ್ಚರಿಕೆ: ಇದರರ್ಥ ಎಲ್ಲವನ್ನೂ ಕ್ಷಮಿಸಿಬಿಡಿ ಅಂತಲ್ಲ. ಬೇಕೆಂದೇ ಮೆಷಿನ್ ಗಾರ್ಡ್ ತೆಗೆಯುವುದು, ಕುಡಿದು ಬರುವುದು, ಸುಳ್ಳು ಲೆಕ್ಕ ಬರೆಯುವುದು ಬೇರೆ ವಿಷಯ. ಅದನ್ನು ಆವತ್ತೇ ಮೇಲಕ್ಕೆ ತಿಳಿಸಿ.

6. ತಪ್ಪು ತಿದ್ದುವ ಮಾತು

ಇದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಕೆಲಸ ಹೇಗಿತ್ತು ಅಂತ ಮಾಡಿದವರಿಗೇ ತಿಳಿಸುವುದು. ಇದಕ್ಕೆ ಮೂರು ಭಾಗದ ಒಂದು ಕ್ರಮ ಬಳಕೆಯಲ್ಲಿದೆ: ಯಾವಾಗ ಎಲ್ಲಿ, ಏನು ನಡೆಯಿತು, ಅದರಿಂದ ಏನಾಯಿತು. ಮನುಷ್ಯನ ಗುಣದ ಮಾತು ಇದರಲ್ಲಿ ಎಲ್ಲೂ ಬರುವುದಿಲ್ಲ.

‘ನಿಮಗೆ ಜವಾಬ್ದಾರಿಯೇ ಇಲ್ಲ’ ಅಂದರೆ ಜಗಳ. ಅದೇ ವಿಷಯ ಹೀಗೆ ಹೇಳಬಹುದು: ‘ಅಣ್ಣಾ, ಈ ವಾರ ಮಂಗಳವಾರ, ಗುರುವಾರ ಎರಡು ದಿನ ಆರೂಕಾಲಿಗೆ ಬಂದಿರಿ. ನೈಟ್ ಶಿಫ್ಟಿನವರು ನೀವು ಬರುವ ತನಕ ನಿಂತಿದ್ದರು, ಅವರ ಬಸ್ ಹೋಯ್ತು. ಏನಾಗ್ತಿದೆ?’ ಕೊನೆಯ ಪ್ರಶ್ನೆ ಕೇಳಿ ಸುಮ್ಮನಿರಿ. ಉತ್ತರ ಬರುವವರೆಗೆ ಕಾಯಿರಿ. ಬಸ್ಸಿನ ಸಮಯ ಬದಲಾಗಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದೇ ಇರಬಹುದು. ಗೊತ್ತಾದ ಮೇಲೆ ಇಬ್ಬರೂ ಸೇರಿ ಒಂದು ದಾರಿ ಗೊತ್ತುಮಾಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಒಬ್ಬರನ್ನೇ ಕರೆದು ಹೇಳಿ. ಅದೇ ದಿನ ಅಥವಾ ಮಾರನೆಯ ದಿನ ಹೇಳಿ. ಸಿಟ್ಟಿದ್ದರೆ ಒಂದು ಲೋಟ ಟೀ ಕುಡಿದು ಆಮೇಲೆ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಯಾವತ್ತೂ ಬೇಡ, ಬರೆದದ್ದಕ್ಕೆ ದನಿ ಇರುವುದಿಲ್ಲ. ಓದುವವರು ತಮಗೆ ಬೇಕಾದ ದನಿಯಲ್ಲಿ ಓದಿಕೊಳ್ಳುತ್ತಾರೆ. ಹೊಗಳುವುದಕ್ಕೂ ಇದೇ ಮೂರು ಭಾಗ ಬಳಸಿ. ‘ಸೂಪರ್’ ಅಂದರೆ ಮರೆತುಹೋಗುತ್ತದೆ. ‘ನಿನ್ನೆ ಆ ಬಂಡಲ್ ತಪ್ಪು ಸೈಜು ಅಂತ ನೀವು ಹಿಡಿದಿರಲ್ಲ, ಇಡೀ ಲಾಟ್ ಉಳೀತು’ ಅಂದರೆ ಮನೆಗೆ ಹೋಗಿ ಹೇಳಿಕೊಳ್ಳುತ್ತಾರೆ.

ಒಂದು ವಿಷಯವನ್ನು ಮಾತ್ರ ನೀವೇ ತೀರ್ಮಾನ ಮಾಡಲು ಹೋಗಬೇಡಿ. ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ಬಗ್ಗೆ ಹೇಳಿಕೊಂಡರೆ ‘ನಾನು ಅವನಿಗೆ ಹೇಳ್ತೀನಿ, ಬಿಡಮ್ಮ’ ಅಂತ ರಾಜಿ ಮಾಡಿಸಬೇಡಿ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಅವರು ಹೇಳುವುದನ್ನು ಪೂರ್ತಿ ಕೇಳಿ, ನಂಬಿಕೆಯಿಂದ ಕೇಳಿ, ಸಮಿತಿಯ ದಾರಿ ತೋರಿಸಿ. ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ಆಡಬೇಡಿ.

7. ಮೇಲಿನವರಿಗೆ ಹೇಳುವುದು

ನಾವು ಕಥೆ ಹೇಳುವ ಜನ. ಬೆಳಿಗ್ಗೆಯಿಂದ ಏನೇನಾಯ್ತು ಅಂತ ಶುರು ಮಾಡಿ ಕೊನೆಗೆ ವಿಷಯಕ್ಕೆ ಬರುತ್ತೇವೆ. ಮ್ಯಾನೇಜರ್ ಅಷ್ಟು ಹೊತ್ತು ಕೇಳುವುದಿಲ್ಲ. ಕೊನೆಯ ಮಾತನ್ನು ಮೊದಲು ಹೇಳಿ: ‘ಸರ್, ಇವತ್ತು 60 ಪೀಸ್ ಕಡಿಮೆ ಆಗುತ್ತೆ. ಕಂಪ್ರೆಸರ್ ಒಂದು ಗಂಟೆ ನಿಂತಿತ್ತು. ನಾಲ್ಕು ಜನಕ್ಕೆ ಎರಡು ಗಂಟೆ ಓಟಿ ಕೊಟ್ಟರೆ ಇವತ್ತೇ ಮುಗಿಯುತ್ತೆ, ಇಲ್ಲಾಂದ್ರೆ ನಾಳೆ ಮಧ್ಯಾಹ್ನ. ಯಾವುದು ಮಾಡಲಿ?’ ನಿಮ್ಮ ಹತ್ತಿರ ಸುದ್ದಿ ಬೇಗ ಬರಬೇಕು ಅಂತ ಬಯಸುವ ನೀವು ಮೇಲಕ್ಕೂ ಅಷ್ಟೇ ಬೇಗ ಹೇಳಬೇಕು, ಅಲ್ವಾ?

ಇಂಗ್ಲಿಷ್ ಬೇಕಾಗುವುದು ಇಲ್ಲಿ. ದೊಡ್ಡ ಕೋರ್ಸ್ ಬೇಡ. ನಿಮ್ಮ ಕೆಲಸದಲ್ಲಿ ದಿನಾ ಬರುವ ನಲವತ್ತು ವಾಕ್ಯಗಳನ್ನು ಪಟ್ಟಿ ಮಾಡಿ. ಬಲ್ಲವರ ಹತ್ತಿರ ತಿದ್ದಿಸಿಕೊಂಡು ದಿನಕ್ಕೆ ಎರಡರಂತೆ ಗಟ್ಟಿಯಾಗಿ ಹೇಳಿ. ಮೀಟಿಂಗಿನಲ್ಲಿ ಪದ ಸಿಗದಿದ್ದರೆ ಕನ್ನಡದಲ್ಲೇ ಮುಗಿಸಿ. ಇಂಗ್ಲಿಷ್ ಬರಲಿಲ್ಲ ಅಂತ ಅಪಾಯದ ವಿಷಯವನ್ನು ನುಂಗಿಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಇಮೇಲ್ ಆದರೆ ಮೂರು ಸಾಲು: ಏನಾಗಿದೆ, ಏನು ಬೇಕು, ಯಾವಾಗ ಬೇಕು.

8. ತೊಂಬತ್ತನೇ ದಿನ

ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತೆಗೆಯಿರಿ. ಮೊದಲ ಎರಡು ವಾರದಲ್ಲಿ ಎಷ್ಟು ಜನ ತಾವಾಗಿ ಬಂದು ತೊಂದರೆ ಹೇಳಿದ್ದರು? ಕೊನೆಯ ಎರಡು ವಾರದಲ್ಲಿ ಎಷ್ಟು? ಆಗ ದಿನಗಟ್ಟಲೆ ಆಗುತ್ತಿದ್ದ ತಡ ಈಗ ಗಂಟೆಗೆ ಇಳಿದಿದೆಯಾ? ತಾರೀಖುಗಳು ಜಾಸ್ತಿಯಾಗಿದ್ದರೆ ಗಾಬರಿಯಾಗಬೇಡಿ. ತೊಂದರೆಗಳು ಮೊದಲೂ ಅಷ್ಟೇ ಇದ್ದಿರಬಹುದು, ಈಗ ನಿಮಗೆ ಕಾಣುತ್ತಿವೆ.

ಆಮೇಲೆ, ಮೊದಲೇ ಹೇಳಿಟ್ಟಿದ್ದ ಆ ಒಬ್ಬರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ನಾನು ಬಂದಾಗ ನನ್ನ ಟೀಮಿನವರ ಮುಖ ಹೇಗಾಗುತ್ತೆ? ನಾನು ಇಲ್ಲದಾಗ ನನ್ನ ಬಗ್ಗೆ ಏನಂತಾರೆ? ಅವರು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ಸಮಜಾಯಿಷಿ ಕೊಡಬೇಡಿ. ‘ಹೇಳಿದ್ದು ಒಳ್ಳೇದಾಯ್ತು’ ಅಂದು ಬರೆದುಕೊಂಡು ಮನೆಗೆ ಹೋಗಿ.

ಪಟ್ಟಿಯಲ್ಲಿ ಒಂದೂ ತಾರೀಖು ಬೀಳದ ಹೆಸರುಗಳು ಎರಡೋ ಮೂರೋ ಇರುತ್ತವೆ. ಸೋಮವಾರ ಶಿಫ್ಟ್ ಶುರುವಾಗುವ ಮುಂಚೆ ಆ ಹೆಸರುಗಳಲ್ಲಿ ಒಬ್ಬರ ಹತ್ತಿರ ಹೋಗಿ, ಕ್ಯಾಂಟೀನಿನ ಅದೇ ಮೂಲೆಯಲ್ಲಿ ಕೂತು, ‘ಈ ಕೆಲಸದಲ್ಲಿ ನಿಮಗೆ ದಿನಾ ತೊಂದರೆ ಕೊಡುವುದು ಯಾವುದು?’ ಅನ್ನುವ ಆ ಮೊದಲ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.